ಪಿ-32 ಹಾಕ್ಲಾ, ಟ್ರಿಟಿಯಂ ಹಾಕ್ಲಾ? ಸೆಲ್ ಒಳಗೆ ಡಿಎನ್‌ಎ, ಆರ್‌ಎನ್‌ಎ ತಯಾರಾಗೋದನ್ನ ಅಳೆಯೋರಿಗೆ ಒಂದು ಹೋಲಿಕೆ

ಲ್ಯಾಬ್‌ಗೆ ಹೊಸದಾಗಿ ಬಂದೋರು ನನ್ನನ್ನ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಸೆಲ್‌ಗಳಲ್ಲಿ ಡಿಎನ್‌ಎ ಎಷ್ಟು ತಯಾರಾಗ್ತಿದೆ ನೋಡ್ಬೇಕು, ಪಿ-32 (ವಿಕಿರಣ ಸೂಸೋ ಫಾಸ್ಫರಸ್) ಹಾಕ್ಲಾ ಟ್ರಿಟಿಯಂ (ವಿಕಿರಣ ಸೂಸೋ ಹೈಡ್ರೋಜನ್) ಹಾಕ್ಲಾ ಅಂತ. ನಾನು ಪ್ರತಿ ಸಲ ಹೇಳೋದು ಇಷ್ಟೇ, ಐಸೋಟೋಪ್ ಯಾವುದು, ಅಂದ್ರೆ ವಿಕಿರಣ ಸೂಸೋ ಪರಮಾಣು ಯಾವುದು ಅನ್ನೋದು ಎರಡನೇ ಪ್ರಶ್ನೆ, ಅದನ್ನ ಹೊತ್ಕೊಂಡು ಹೋಗೋ ಅಣು ಯಾವುದು ಅನ್ನೋದು ಮೊದಲನೇ ಪ್ರಶ್ನೆ. ಸೆಲ್‌ಗೆ ವಿಕಿರಣ ಕಾಣ್ಸಲ್ಲ, ಅದಕ್ಕೆ ಕಾಣ್ಸೋದು ಥೈಮಿಡಿನ್ (ಡಿಎನ್‌ಎಯ ಕಚ್ಚಾವಸ್ತು) ಅಥವಾ ಯುರಿಡಿನ್ (ಆರ್‌ಎನ್‌ಎಯ ಕಚ್ಚಾವಸ್ತು) ಅಥವಾ ಬರೀ ಫಾಸ್ಫೇಟ್. ಆ ಅಣುವನ್ನ ಅದು ಎಲ್ಲಿಗೆ ತಗೊಂಡು ಹೋಗತ್ತೋ ನಿಮ್ಮ ವಿಕಿರಣ ಗುರುತು ಕೂಡ ಅಲ್ಲಿಗೇ ಹೋಗತ್ತೆ, ನೀವು ಅಂದ್ಕೊಂಡ ಕಡೆಗೇ ಹೋಗ್ಬೇಕು ಅಂತೇನಿಲ್ಲ. ಇದನ್ನ ಮರೆತು ವಿಕಿರಣ ಎಣಿಸೋ ಕೌಂಟರ್ ಕೊಟ್ಟ ನಂಬರ್ ನಂಬಿ ಆರಾರು ತಿಂಗಳು ಕಳ್ಕೊಂಡೋರನ್ನ ನೋಡಿದೀನಿ, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಪರ್ವಾಗಿಲ್ಲ ಅಂತ ಕೂತು ಬರೀತಿದೀನಿ.

ಮೊದಲು ಯಾವುದರ ಮೇಲೆ ಅಳೆದು ತೂಗಬೇಕು ಅನ್ನೋದು ನೋಡೋಣ.

ಒಂದು, ಗುರುತು ಹಾಕಿದ ಅಣು ಡಿಎನ್‌ಎಗೆ ಮಾತ್ರ ಹೋಗತ್ತಾ, ಆರ್‌ಎನ್‌ಎಗೂ ಹೋಗತ್ತಾ, ಅಥವಾ ಕೊಬ್ಬು ಪ್ರೋಟೀನ್ ಅಂತ ಎಲ್ಲಾ ಕಡೆ ಹರಡತ್ತಾ. ಎರಡು, ನಿಮ್ಮ ಸೆಲ್‌ಗೆ ಆ ಅಣುವನ್ನ ಒಳಗೆ ತಗೊಳ್ಳೋ ಬಾಗಿಲು ಮತ್ತೆ ಬಳಸೋ ಕಿಣ್ವ ಇದೆಯಾ. ಇದನ್ನ ಜನ ಚೆಕ್ಕೇ ಮಾಡಲ್ಲ. ಮೂರು, ನಿಮಗೆ ಬೇಕಾಗಿರೋದು ‘ಎಷ್ಟು’ ಅನ್ನೋ ಉತ್ತರಾನಾ, ‘ಯಾವ ಸೆಲ್‌ನಲ್ಲಿ’ ಅನ್ನೋದಾ, ಅಥವಾ ‘ಡಿಎನ್‌ಎ ಎಳೆಯ ಯಾವ ಜಾಗದಲ್ಲಿ’ ಅನ್ನೋದಾ. ಐಸೋಟೋಪ್ ಒಡೆದಾಗ ಹೊರಬೀಳೋ ಬೀಟಾ ಕಣದ (ಎಲೆಕ್ಟ್ರಾನ್) ಶಕ್ತಿ ಎಷ್ಟಿರ್ಬೇಕು ಅನ್ನೋದನ್ನ ಇದೇ ತೀರ್ಮಾನ ಮಾಡತ್ತೆ. ನಾಲ್ಕು, ಟ್ರೇಸರ್ರೇ, ಅಂದ್ರೆ ಈ ಗುರುತು ಹಾಕಿದ ಅಣುವೇ, ಸೆಲ್‌ನ ಕೆಡಿಸತ್ತಾ ಅನ್ನೋದು. ಐದನೇದು ದುಡ್ಡು, ಮೆಷಿನ್, ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯೋಕೆ ಬೇಕಾದ ಸಮಯ), ತ್ಯಾಜ್ಯ, ಈ ನಾಲ್ಕೂ ಒಂದಕ್ಕೊಂದು ಅಂಟ್ಕೊಂಡೇ ಬರತ್ತೆ ಅದಕ್ಕೆ ಒಟ್ಟಿಗೇ ಹೇಳ್ತೀನಿ.

ಟ್ರಿಟಿಯಂ ಥೈಮಿಡಿನ್

ಡಿಎನ್‌ಎ ಮಾತ್ರ ನೋಡ್ಬೇಕು ಅನ್ನೋರಿಗೆ ನನ್ನ ಮೊದಲ ಉತ್ತರ ಇದೇ. ಕಾರಣ ಸರಳ, ಥೈಮಿನ್ ಡಿಎನ್‌ಎಯಲ್ಲಿ ಇರತ್ತೆ, ಆರ್‌ಎನ್‌ಎಯಲ್ಲಿ ಆ ಜಾಗದಲ್ಲಿ ಯುರಾಸಿಲ್ ಇರತ್ತೆ, ಹಾಗಾಗಿ ಹೊರಗಿಂದ ಕೊಟ್ಟ ಥೈಮಿಡಿನ್ ಸೆಲ್ ಒಳಗೆ ಹೋಗಿ ಥೈಮಿಡಿನ್ ಕೈನೇಸ್ ಅನ್ನೋ ಕಿಣ್ವದ ಕೈಗೆ ಸಿಕ್ಕಿ ಫಾಸ್ಫೇಟ್ ಅಂಟಿಸ್ಕೊಂಡು ಕೊನೆಗೆ ಡಿಎನ್‌ಎ ಎಳೆಯಲ್ಲಿ ಕೂತ್ಕೊಳ್ಳತ್ತೆ, ಬೇರೆ ಕಡೆ ಹೋಗೋ ದಾರಿ ಕಮ್ಮಿ. ಹೊರಗಿಂದ ನ್ಯೂಕ್ಲಿಯೋಸೈಡ್ ರೂಪದಲ್ಲೇ (ಥೈಮಿನ್‌ನಂಥ ಬೇಸ್ ಜೊತೆ ಸಕ್ಕರೆ ಇರೋದು, ಫಾಸ್ಫೇಟ್ ಇಲ್ಲದ್ದು) ಕೊಡ್ಬೇಕು ಅನ್ನೋದು ನೆನಪಿರ್ಲಿ. ಫಾಸ್ಫೇಟ್ ಇರೋ ನ್ಯೂಕ್ಲಿಯೋಟೈಡ್ ಸಾಮಾನ್ಯ ಸೆಲ್‌ನ ಪೊರೆ ದಾಟಿ ಒಳಗೆ ಹೋಗಲ್ಲ, ಬರೀ ಥೈಮಿನ್ ಕೊಟ್ರೆ ಪ್ರಾಣಿಗಳ ಸೆಲ್‌ಗಳು ಅದನ್ನ ಸರಿಯಾಗಿ ಬಳಸ್ಕೊಳ್ಳೋದೂ ಇಲ್ಲ.

ಟ್ರಿಟಿಯಂನ ಬೀಟಾ ಕಣ ತುಂಬಾ ದುರ್ಬಲ, ಗರಿಷ್ಠ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್, ನೀರಲ್ಲಿ ಅದು ಹೆಚ್ಚಂದ್ರೆ 6 ಮೈಕ್ರೋಮೀಟರ್ ಹೋಗತ್ತೆ, ಬಹುಪಾಲು 1 ಮೈಕ್ರೋಮೀಟರ್ ಒಳಗೇ ನಿಂತ್ಹೋಗತ್ತೆ. ಇದು ಕೊರತೆ ಥರ ಕಾಣ್ಸಿದ್ರೂ ಅಸಲಿ ಶಕ್ತಿ ಇರೋದೇ ಇಲ್ಲಿ. ಸ್ಲೈಡ್ ಮೇಲೆ ಫೋಟೋ ಎಮಲ್ಷನ್ ಹಚ್ಚಿ ಕತ್ತಲಲ್ಲಿ ಇಟ್ರೆ ಬೆಳ್ಳಿಯ ಕಪ್ಪು ಚುಕ್ಕೆಗಳು ಆ ನ್ಯೂಕ್ಲಿಯಸ್ ಮೇಲೇ ಬೀಳ್ತವೆ, ಪಕ್ಕದ ಸೆಲ್ ಮೇಲೆ ಅಲ್ಲ. 1957ರಲ್ಲಿ ಟೇಲರ್, ವುಡ್ಸ್, ಹ್ಯೂಸ್ ಮೂರು ಜನ ಸೇರಿ ವಿಸಿಯಾ ಫಾಬಾ ಅನ್ನೋ ಅವರೆ ಜಾತಿ ಗಿಡದ ಬೇರಿನ ತುದಿಗೆ ಇದೇ ಟ್ರಿಟಿಯಂ ಥೈಮಿಡಿನ್ ಕೊಟ್ಟು ನೋಡಿದ್ರು. ಮೊದಲ ವಿಭಜನೆಯಲ್ಲಿ ಕ್ರೋಮೋಸೋಮ್‌ನ ಎರಡೂ ಕ್ರೊಮ್ಯಾಟಿಡ್ (ಪ್ರತಿ ಆದ ಕ್ರೋಮೋಸೋಮ್‌ನ ಜೋಡಿ ಭಾಗಗಳು) ಮೇಲೆ ಚುಕ್ಕೆ, ಆಮೇಲೆ ಗುರುತಿಲ್ಲದ ಮೀಡಿಯಂನಲ್ಲಿ (ಪೋಷಕ ದ್ರವ) ಇನ್ನೊಂದು ಸಲ ಡಿಎನ್‌ಎ ಪ್ರತಿ ಆದ್ಮೇಲೆ ಎರಡರಲ್ಲಿ ಒಂದರ ಮೇಲೆ ಮಾತ್ರ ಚುಕ್ಕೆ. ಹಳೇ ಎಳೆ ಒಂದು, ಹೊಸ ಎಳೆ ಒಂದು ಅನ್ನೋ ಕಥೆಯನ್ನ ಕ್ರೋಮೋಸೋಮ್ ಮಟ್ಟದಲ್ಲಿ ಕಣ್ಣಾರೆ ತೋರ್ಸಿದ್ದು ಅದು. ಒಂದು ಕ್ರೊಮ್ಯಾಟಿಡ್‌ಗೂ ಅದರ ಜೋಡಿಗೂ ನಡುವೆ ವ್ಯತ್ಯಾಸ ಹಿಡಿಯೋಕೆ ಆಗಿದ್ದು ಕಣ ಅಷ್ಟು ಗಿಡ್ಡ ಓಡಿದ್ದಕ್ಕೇ, ಪಿ-32 ಹಾಕಿದ್ರೆ ಆ ಚಿತ್ರ ಬರ್ತಾನೇ ಇರ್ಲಿಲ್ಲ. 1963ರಲ್ಲಿ ಜಾನ್ ಕೇರ್ನ್ಸ್ ಇ. ಕೋಲಿ ಬ್ಯಾಕ್ಟೀರಿಯಾದ ಇಡೀ ಕ್ರೋಮೋಸೋಮನ್ನ ಒಡೆಯದ ಹಾಗೆ ಹೊರಗೆ ತೆಗೆದು ಇದೇ ವಿಧಾನದಲ್ಲಿ ಫೋಟೋ ತೆಗೆದ್ರು, 1 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದದ ಒಂದು ಉಂಗುರ. ಆ ಚಿತ್ರ ನೋಡಿದಾಗೆಲ್ಲ ನನಗೆ ಮೈ ಜುಂ ಅನ್ನತ್ತೆ.

ಎಷ್ಟು ಅನ್ನೋ ಪ್ರಶ್ನೆಗೂ ಇದು ಒಳ್ಳೇದೇ. ಲಿಂಫೋಸೈಟ್‌ಗಳು ಬೆಳೀತಿದಾವಾ ಅಂತ ನೋಡೋ ಮಾಮೂಲಿ ಟೆಸ್ಟ್‌ನಲ್ಲಿ 96 ಗುಂಡಿಗಳ ಪ್ಲೇಟ್‌ಗೆ ಒಂದೊಂದು ಗುಂಡಿಗೆ ಅರ್ಧದಿಂದ 1 ಮೈಕ್ರೋಕ್ಯೂರಿ (ಕ್ಯೂರಿ ಅನ್ನೋದು ವಿಕಿರಣದ ಅಳತೆ) ಹಾಕಿ, ಕೆಲವು ಗಂಟೆ ಅಥವಾ ರಾತ್ರಿಯಿಡೀ ಬಿಟ್ಟು, ಫಿಲ್ಟರ್ ಮೇಲೆ ಹಿಡಿದು ಲಿಕ್ವಿಡ್ ಸಿಂಟಿಲೇಷನ್ ಕೌಂಟರ್‌ನಲ್ಲಿ (ಕಣ ಬಡಿದಾಗ ದ್ರಾವಣದಲ್ಲಿ ಮಿನುಗೋ ಬೆಳಕನ್ನ ಎಣಿಸೋ ಮೆಷಿನ್) ಎಣಿಸ್ತಾರೆ. ನೂರಾರು ಸ್ಯಾಂಪಲ್ ಇದ್ರೂ ಒಂದೇ ದಿನದಲ್ಲಿ ಮುಗಿಯತ್ತೆ.

ಈಗ ತೊಂದರೆಗಳ ಕಡೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಕೌಂಟ್ ಏರಿದ್ದೆಲ್ಲ ಡಿಎನ್‌ಎ ಜಾಸ್ತಿ ತಯಾರಾಗಿದೆ ಅಂತ ಅರ್ಥ ಅಲ್ಲ. ಸೆಲ್‌ಗೆ ಥೈಮಿಡಿನ್ ಟ್ರೈಫಾಸ್ಫೇಟ್ (ಡಿಎನ್‌ಎಗೆ ಸೇರೋಕೆ ಸಿದ್ಧವಾದ ರೂಪ) ಬರೋದು ಎರಡು ದಾರಿಯಲ್ಲಿ, ಒಂದು ತಾನೇ ಒಳಗೆ ತಯಾರಿಸ್ಕೊಳ್ಳೋದು, ಇನ್ನೊಂದು ಹೊರಗಿಂದ ಬಂದ ಥೈಮಿಡಿನ್ ಬಳಸೋದು. ನೀವು ಅಳೀತಿರೋದು ಎರಡನೇ ದಾರಿ ಮಾತ್ರ. ಮೆಥೊಟ್ರೆಕ್ಸೇಟ್ ಅಥವಾ ಫ್ಲೋರೋಯುರಾಸಿಲ್ ಥರದ ಔಷಧಿ ಮೊದಲನೇ ದಾರಿಯನ್ನ ಮುಚ್ಚತ್ತೆ, ಆಗ ಸೆಲ್ ಹೊರಗಿನ ಥೈಮಿಡಿನ್‌ಗೆ ಬಾಯಿ ಬಿಟ್ಕೊಂಡು ಕೂರತ್ತೆ, ನಿಮ್ಮ ಕೌಂಟ್ ಏರತ್ತೆ, ಔಷಧಿ ಡಿಎನ್‌ಎ ಉತ್ಪಾದನೆ ಹೆಚ್ಚಿಸ್ತಿದೆ ಅಂತ ಬರೆದುಬಿಡ್ತೀರ, ನಿಜ ನೋಡಿದ್ರೆ ತದ್ವಿರುದ್ಧ. ಇಂಥ ಔಷಧಿಗಳ ಮೇಲೆ ಕೆಲಸ ಮಾಡೋರು ಟ್ರಿಟಿಯಂ ಡೀಆಕ್ಸಿಯುರಿಡಿನ್ ಕೂಡ ಜೊತೆಗೆ ಇಟ್ಕೊಳ್ಳಿ, ಅದು ಡಿಎನ್‌ಎಗೆ ಹೋಗೋದು ಆ ಮೊದಲನೇ ದಾರಿಯ ಮೂಲಕವೇ, ಹಾಗಾಗಿ ದಾರಿ ಮುಚ್ಚಿದ್ರೆ ಅದರ ಕೌಂಟ್ ಬೀಳತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಕಥೆ ಬಿಚ್ಕೊಳ್ಳತ್ತೆ. ಇದರ ಉಲ್ಟಾ ಕೂಡ ಇದೆ, ಡೈಪಿರಿಡಮೋಲ್ ಥರದ್ದು ನ್ಯೂಕ್ಲಿಯೋಸೈಡ್ ಒಳಗೆ ಬರೋ ಬಾಗಿಲನ್ನೇ ತಡೆಯತ್ತೆ, ಆಗ ಕೌಂಟ್ ಬೀಳತ್ತೆ ಆದ್ರೆ ಡಿಎನ್‌ಎ ತಯಾರಿ ತನ್ನ ಪಾಡಿಗೆ ನಡೀತಿರತ್ತೆ.

ಆಮೇಲೆ ಸ್ಪೆಸಿಫಿಕ್ ಆಕ್ಟಿವಿಟಿ, ಅಂದ್ರೆ ಇಷ್ಟು ಅಣುವಿಗೆ ಎಷ್ಟು ವಿಕಿರಣ ಇದೆ ಅನ್ನೋ ವಿಷಯ. ಮಿಲಿಮೋಲ್‌ಗೆ 20 ಕ್ಯೂರಿ ಇರೋ ಥೈಮಿಡಿನ್ನ ಮಿಲಿಲೀಟರ್‌ಗೆ 1 ಮೈಕ್ರೋಕ್ಯೂರಿ ಹಾಕಿದ್ರೆ ಅದರ ಸಾಂದ್ರತೆ ಬರೀ 0.05 ಮೈಕ್ರೋಮೋಲಾರ್, ಸೆಲ್‌ಗಳು ಒತ್ತೊತ್ತಾಗಿ ಬೆಳೆದಿದ್ರೆ ಸ್ವಲ್ಪ ಹೊತ್ತಲ್ಲಿ ಅದನ್ನ ತಿಂದು ಮುಗಿಸ್ಬಿಡ್ತವೆ, ಆಮೇಲೆ ಗ್ರಾಫ್ ಚಪ್ಪಟೆ. ಅದನ್ನ ನೋಡಿ ಡಿಎನ್‌ಎ ಉತ್ಪಾದನೆ ನಿಂತಿತು ಅನ್ಕೋಬೇಡಿ. ದೀರ್ಘ ಸಮಯ ಇಡೋದಾದ್ರೆ ವಿಕಿರಣ ಇಲ್ಲದ ಮಾಮೂಲಿ ಥೈಮಿಡಿನ್ ಸ್ವಲ್ಪ ಬೆರೆಸಿ ಒಂದೆರಡು ಮೈಕ್ರೋಮೋಲಾರ್‌ಗೆ ತನ್ನಿ, ಕೌಂಟ್ ಕಮ್ಮಿ ಬರತ್ತೆ ಆದ್ರೆ ನಂಬಬಹುದು. ಹಾಗಂತ ಕೈಗೆ ಬಂದಷ್ಟು ಸುರಿಯೋಕೂ ಆಗಲ್ಲ, 2 ಮಿಲಿಮೋಲಾರ್ ಹತ್ರ ಹೋದ್ರೆ ಥೈಮಿಡಿನ್ನೇ ಡಿಎನ್‌ಎ ಉತ್ಪಾದನೆಯನ್ನ ತಡೆಯತ್ತೆ, ಸೆಲ್‌ಗಳನ್ನೆಲ್ಲ ಒಂದೇ ಹಂತಕ್ಕೆ ತಂದು ನಿಲ್ಸೋಕೆ ಜನ ಬೇಕಂತಲೇ ಬಳಸೋ ಡೋಸ್ ಅದು.

ಮೈಕೋಪ್ಲಾಸ್ಮಾ, ಕಲ್ಚರ್‌ಗಳಿಗೆ ಸೇರ್ಕೊಳ್ಳೋ ಪುಟ್ಟ ಬ್ಯಾಕ್ಟೀರಿಯಾ. ಇದು ನನಗೆ ಆಗಿದ್ದೇ. ಕಲ್ಚರ್‌ಗಳು ನೋಡೋಕೆ ಆರೋಗ್ಯವಾಗೇ ಇದ್ವು, ಕೌಂಟ್ ಮಾತ್ರ ದಿನಕ್ಕೊಂದು ಥರ, ಮೂರು ವಾರ ಪಿಪೆಟ್ ಮೇಲೂ ನನ್ನ ಕೈ ಮೇಲೂ ಅನುಮಾನ ಪಟ್ಟೆ. ಕೊನೆಗೆ ಆಟೋರೇಡಿಯೋಗ್ರಫಿ (ಮೇಲೆ ಹೇಳಿದ ಎಮಲ್ಷನ್ ವಿಧಾನ) ಮಾಡಿ ನೋಡಿದ್ರೆ ಚುಕ್ಕೆಗಳು ನ್ಯೂಕ್ಲಿಯಸ್ ಬಿಟ್ಟು ಸೆಲ್‌ನ ಅಂಚಲ್ಲೆಲ್ಲ ಚೆಲ್ಲಿದ್ವು, ಅಂಟ್ಕೊಂಡು ಬೆಳೀತಿದ್ದ ಮೈಕೋಪ್ಲಾಸ್ಮಾಗಳು ಥೈಮಿಡಿನ್ನ ಕತ್ತರಿಸಿ ತಿಂತಾ ಇದ್ವು. ಆವತ್ತಿಂದ ಟೆಸ್ಟ್ ಮಾಡದೆ ಒಂದು ಫ್ಲಾಸ್ಕ್ ಕೂಡ ಮುಟ್ಟಲ್ಲ.

ಇನ್ನು ಸೆಲ್ ಮೇಲೆ ಆಗೋ ಹಾನಿ. ಕಣ ಗಿಡ್ಡ ಓಡತ್ತೆ ಅಂದ್ರೆ ಅದರ ಶಕ್ತಿಯೆಲ್ಲ ನ್ಯೂಕ್ಲಿಯಸ್ ಒಳಗೇ, ಅದೂ ಡಿಎನ್‌ಎ ಪಕ್ಕದಲ್ಲೇ ಸುರಿಯತ್ತೆ. ಹದಿನೈದು ಇಪ್ಪತ್ತು ನಿಮಿಷದ ಪಲ್ಸ್‌ಗೆ (ಸ್ವಲ್ಪ ಹೊತ್ತು ಮಾತ್ರ ಗುರುತು ಕೊಡೋದು) ಚಿಂತೆ ಇಲ್ಲ, ಹತ್ತಾರು ಗಂಟೆ ಇಟ್ಟು ಆಮೇಲೆ ಆ ಸೆಲ್‌ಗಳು ಹೇಗೆ ವಿಭಜನೆ ಆಗ್ತವೆ ಅಂತ ನೋಡೋಕೆ ಹೊರಟ್ರೆ ನೀವು ನೋಡೋದು ಪೆಟ್ಟು ತಿಂದ ಸೆಲ್‌ಗಳನ್ನ.

ಬಾಗಿಲು ಮತ್ತು ಕಿಣ್ವದ ವಿಷಯ ಹೇಳಿದ್ನಲ್ಲ, ಬೇಕರಿ ಯೀಸ್ಟ್‌ನಲ್ಲಿ ಥೈಮಿಡಿನ್ ಕೈನೇಸ್ ಇಲ್ಲವೇ ಇಲ್ಲ. ಮಾಮೂಲಿ ಯೀಸ್ಟ್‌ಗೆ ಎಷ್ಟು ಥೈಮಿಡಿನ್ ಸುರಿದ್ರೂ ಡಿಎನ್‌ಎಗೆ ಹೋಗಲ್ಲ. ಹರ್ಪಿಸ್ ವೈರಸ್‌ನ ಕೈನೇಸ್ ಜೀನನ್ನೂ ನ್ಯೂಕ್ಲಿಯೋಸೈಡ್ ಸಾಗಿಸೋ ಪ್ರೋಟೀನ್ ಜೀನನ್ನೂ ಸೇರಿಸಿದ ತಳಿ ಬೇಕು, ಇಲ್ಲಾಂದ್ರೆ 6ನೇ ಸ್ಥಾನದಲ್ಲಿ ಟ್ರಿಟಿಯಂ ಇರೋ ಯುರಾಸಿಲ್ ಕೊಟ್ಟು, ಆಮೇಲೆ ಕ್ಷಾರದಲ್ಲಿ ಆರ್‌ಎನ್‌ಎಯನ್ನ ಕರಗಿಸಿ ತೆಗೆದು, ಉಳಿದ ಡಿಎನ್‌ಎಯನ್ನ ಎಣಿಸ್ಬೇಕು. ಇ. ಕೋಲಿಯಲ್ಲಿ ಕಿಣ್ವ ಇದೆ, ಆದ್ರೆ ಥೈಮಿಡಿನ್ನ ಒಡೆದು ಹಾಕೋ ಇನ್ನೊಂದು ಕಿಣ್ವ ಕೂಡ ಚುರುಕಾಗಿದೆ, ಹಾಗಾಗಿ ಗುರುತು ಸ್ವಲ್ಪ ಹೊತ್ತು ಹೋಗಿ ನಿಂತ್ಬಿಡತ್ತೆ. ಥೈಮಿನ್ ತಾನೇ ತಯಾರಿಸೋಕೆ ಆಗದ ಮ್ಯೂಟೆಂಟ್ ತಳಿ ತಗೊಂಡ್ರೆ ಕೆಲಸ ಸಲೀಸು.

ಶೇಖರಣೆ ಬಗ್ಗೆ ಒಂದೇ ಮಾತು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಆದ್ರೆ ಬಾಟಲಿ ಹನ್ನೆರಡು ವರ್ಷ ಬಾಳಲ್ಲ, ತನ್ನದೇ ವಿಕಿರಣಕ್ಕೆ ಥೈಮಿಡಿನ್ ಅಣುಗಳು ಒಡೀತಾ ಹೋಗ್ತವೆ. ಫ್ರೀಜರ್‌ನಲ್ಲಿ ನಿಧಾನವಾಗಿ ಹೆಪ್ಪುಗಟ್ಟಿಸಿದ್ರೆ ಅಣುಗಳು ಒಂದೆಡೆ ಗುಂಪಾಗಿ ಇನ್ನೂ ಬೇಗ ಕೆಡತ್ತೆ, ಸ್ವಲ್ಪ ಎಥನಾಲ್ ಇರೋ ದ್ರಾವಣವಾಗಿ ಮಾಮೂಲಿ ಫ್ರಿಜ್‌ನಲ್ಲಿ ಇಡಿ.

ಕಾರ್ಬನ್-14 ಥೈಮಿಡಿನ್

ಅಣು ಅದೇ, ಐಸೋಟೋಪ್ ಬೇರೆ. ಬೀಟಾ ಶಕ್ತಿ ಗರಿಷ್ಠ 156 ಕಿಲೋ ಎಲೆಕ್ಟ್ರಾನ್ ವೋಲ್ಟ್, ಹಾಗಾಗಿ ಸಿಂಟಿಲೇಷನ್ ಕೌಂಟರ್ ಇದನ್ನ ಟ್ರಿಟಿಯಂಗಿಂತ ತುಂಬಾ ಚೆನ್ನಾಗಿ ಹಿಡಿಯತ್ತೆ, ಟ್ರಿಟಿಯಂನಲ್ಲಿ ಅರ್ಧದ ಆಸುಪಾಸು ಸಿಕ್ಕಿದ್ರೆ ಇದರಲ್ಲಿ ನೂರಕ್ಕೆ ತೊಂಬತ್ತರ ಮೇಲೆ. ಆದ್ರೆ ಅರ್ಧಾಯುಷ್ಯ ಸುಮಾರು 5,700 ವರ್ಷ ಆಗಿರೋದ್ರಿಂದ ಅದು ತುಂಬಾ ನಿಧಾನವಾಗಿ ಕರಗತ್ತೆ, ಒಂದು ಕಾರ್ಬನ್‌ಗೆ ಮಿಲಿಮೋಲ್‌ಗೆ 62 ಮಿಲಿಕ್ಯೂರಿ ಮೇಲೆ ಹೋಗೋಕೆ ಸಾಧ್ಯವೇ ಇಲ್ಲ, ಟ್ರಿಟಿಯಂನಲ್ಲಿ ಒಂದು ಹೈಡ್ರೋಜನ್‌ಗೇ 28 ಕ್ಯೂರಿಗಿಂತ ಜಾಸ್ತಿ ಸಿಗತ್ತೆ. 50 ಮಿಲಿಕ್ಯೂರಿ ಇರೋ ಸರಕಿನಲ್ಲಿ ಮಿಲಿಲೀಟರ್‌ಗೆ 1 ಮೈಕ್ರೋಕ್ಯೂರಿ ಬೇಕಂದ್ರೆ 20 ಮೈಕ್ರೋಮೋಲಾರ್ ಥೈಮಿಡಿನ್ ಸುರಿದ ಹಾಗಾಯ್ತು, ಸೆಲ್‌ನ ಒಳಗಿನ ಪೂಲ್ (ಕಚ್ಚಾವಸ್ತುಗಳ ದಾಸ್ತಾನು) ಅಲ್ಲಾಡಿಹೋಗತ್ತೆ. ಅದಕ್ಕೇ ಸಣ್ಣ ಪಲ್ಸ್‌ಗೆ ಇದು ಬೇಡ.

ಇದರ ಅಸಲಿ ಜಾಗ ಬೇರೆ. ಒಂದೆರಡು ದಿನ ಮುಂಚೆನೇ ತುಂಬಾ ಕಮ್ಮಿ ಪ್ರಮಾಣದ ಕಾರ್ಬನ್-14 ಥೈಮಿಡಿನ್‌ನಲ್ಲಿ ಸೆಲ್ ಬೆಳೆಸಿ, ಎಲ್ಲಾ ಡಿಎನ್‌ಎಗೂ ಹಿನ್ನೆಲೆ ಗುರುತು ಹಾಕಿ, ತೊಳೆದು, ಆಮೇಲೆ ಹತ್ತು ನಿಮಿಷದ ಟ್ರಿಟಿಯಂ ಪಲ್ಸ್ ಕೊಡೋದು. ಕೌಂಟರ್‌ನಲ್ಲಿ ಎರಡೂ ಬೇರೆ ಬೇರೆ ಶಕ್ತಿಯ ಕಿಟಕಿಯಲ್ಲಿ ಬರ್ತವೆ, ಸಿ-14 ಸ್ವಲ್ಪ ಟ್ರಿಟಿಯಂ ಕಿಟಕಿಗೆ ಸೋರತ್ತೆ, ಅದನ್ನ ಲೆಕ್ಕ ಹಾಕಿ ಕಳೀಬೇಕು. ಆಮೇಲೆ ಟ್ರಿಟಿಯಂನ ಸಿ-14ರಿಂದ ಭಾಗಿಸಿದ್ರೆ ಯಾವ ಟ್ಯೂಬ್‌ನಲ್ಲಿ ಎಷ್ಟು ಸೆಲ್ ಇತ್ತು, ತೊಳೆಯೋವಾಗ ಎಷ್ಟು ಕಳ್ಕೊಂಡ್ರಿ ಅನ್ನೋ ತಲೆನೋವೇ ಇಲ್ಲ. ಔಷಧಿಯಿಂದ ಸೆಲ್ ಉದುರಿ ಹೋಗೋ ಪ್ರಯೋಗಗಳಿಗೆ ಇದಕ್ಕಿಂತ ಅಚ್ಚುಕಟ್ಟಾದ ದಾರಿ ನನಗೆ ಗೊತ್ತಿಲ್ಲ.

ಪಿ-32 ಫಾಸ್ಫೇಟ್

ಐಸೋಟೋಪ್‌ಗಳನ್ನ ಜೀವಿಗಳ ಒಳಗೆ ಗುರುತಾಗಿ ಬಳಸೋ ಕೆಲಸಕ್ಕೆ ದಾರಿ ತೋರ್ಸಿದ ಜಾರ್ಜ್ ಡಿ ಹೆವೆಸಿ 1930ರ ದಶಕದಲ್ಲಿ ಇಲಿಗಳ ಮೇಲೆ ಬಳಸಿದ್ದು ಇದನ್ನೇ, ಟ್ರೇಸರ್ ಕೆಲಸಕ್ಕೆ ಅವರಿಗೆ 1943ರ ರಸಾಯನಶಾಸ್ತ್ರದ ನೊಬೆಲ್ ಬಂತು. 1952ರಲ್ಲಿ ಹರ್ಷಿ ಮತ್ತು ಚೇಸ್ ವೈರಸ್‌ನ ಡಿಎನ್‌ಎಗೆ ಪಿ-32, ಪ್ರೋಟೀನ್‌ಗೆ ಗಂಧಕ-35 ಗುರುತು ಹಾಕಿ ಬ್ಯಾಕ್ಟೀರಿಯಾ ಒಳಗೆ ಹೋಗೋದು ಮುಖ್ಯವಾಗಿ ಡಿಎನ್‌ಎ ಅಂತ ತೋರ್ಸಿದ್ರು. ಅದೇ ಕಾಲದಲ್ಲಿ ಹೊವಾರ್ಡ್ ಮತ್ತು ಪೆಲ್ಕ್ ಮೇಲೆ ಹೇಳಿದ ಅದೇ ವಿಸಿಯಾ ಫಾಬಾ ಬೇರಿಗೆ ಪಿ-32 ಕೊಟ್ಟು ಡಿಎನ್‌ಎ ತಯಾರಾಗೋದು ಎರಡು ವಿಭಜನೆಗಳ ನಡುವಿನ ಒಂದು ನಿರ್ದಿಷ್ಟ ಅವಧಿಯಲ್ಲಿ ಮಾತ್ರ ಅಂತ ಕಂಡ್ಕೊಂಡ್ರು, ನಾವು ಈಗ ಎಸ್ ಹಂತ ಅನ್ನೋದು ಅಲ್ಲಿಂದ ಬಂದಿದ್ದು. ಒಂದೇ ಗಿಡ, ಒಂದೇ ಬೇರು, ಪಿ-32 ‘ಯಾವಾಗ’ ಅಂತ ಹೇಳ್ತು, ಕೆಲವೇ ವರ್ಷ ಆದ್ಮೇಲೆ ಟ್ರಿಟಿಯಂ ‘ಯಾವ ಎಳೆ’ ಅಂತ ಹೇಳ್ತು. ಈ ಇಡೀ ಹೋಲಿಕೆ ಬೇಕಿದ್ರೆ ಆ ಬೇರಿನಲ್ಲೇ ಇದೆ ಅನ್ಬಹುದು.

ಒಳ್ಳೇ ಗುಣ ಏನಂದ್ರೆ ಫಾಸ್ಫೇಟ್ ಬೇಡ ಅನ್ನೋ ಸೆಲ್ ಇಲ್ಲ. ಕಿಣ್ವ ಇದೆಯಾ ಇಲ್ವಾ ಅನ್ನೋ ಚಿಂತೆ ಇಲ್ಲ, ಯೀಸ್ಟ್, ಬ್ಯಾಕ್ಟೀರಿಯಾ, ಗಿಡ, ಎಲ್ಲಕ್ಕೂ ನಡೆಯತ್ತೆ. ಶಕ್ತಿ 1.71 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಜೆಲ್ ಮೇಲೆ ಫಿಲ್ಮ್ ಇಟ್ರೆ ಬೇಗ ಕಾಣ್ಸತ್ತೆ, ಬರೀ ನೀರಲ್ಲಿ ಇಟ್ಟು ಚೆರೆಂಕೋವ್ ಬೆಳಕನ್ನೇ (ವೇಗದ ಕಣ ನೀರಲ್ಲಿ ಹೊಮ್ಮಿಸೋ ಬೆಳಕು) ಎಣಿಸ್ಬಹುದು, ಸಿಂಟಿಲೇಷನ್ ದ್ರಾವಣದ ಖರ್ಚೂ ಉಳಿಯತ್ತೆ.

ಆದ್ರೆ ಅದೇ ಗುಣ ಅದರ ದೋಷ ಕೂಡ. ಫಾಸ್ಫೇಟ್ ಹೋಗದ ಜಾಗ ಇಲ್ಲ, ಎಟಿಪಿ, ಪೊರೆಯ ಫಾಸ್ಫೋಲಿಪಿಡ್, ಪ್ರೋಟೀನ್, ಆರ್‌ಎನ್‌ಎ, ಎಲ್ಲ ಮುಗಿದ್ಮೇಲೆ ಸ್ವಲ್ಪ ಡಿಎನ್‌ಎ. ಆಸಿಡ್ ಹಾಕಿ ಕೆಳಗೆ ಕೂರ್ಸಿದ್ದನ್ನೆಲ್ಲ ಡಿಎನ್‌ಎ ಅನ್ನೋ ಹಾಗಿಲ್ಲ, ಕೊಬ್ಬನ್ನ ಸಾವಯವ ದ್ರಾವಕದಲ್ಲಿ ತೊಳೀಬೇಕು, ಪ್ರೋಟೀನ್ ತೆಗೀಬೇಕು, ಆರ್‌ಎನ್‌ಎ ಡಿಎನ್‌ಎ ಬೇರ್ಪಡಿಸ್ಬೇಕು. ಮೀಡಿಯಂನಲ್ಲಿ ಆಗಲೇ ಬೇಕಾದಷ್ಟು ಫಾಸ್ಫೇಟ್ ಇರೋದ್ರಿಂದ ಫಾಸ್ಫೇಟ್ ಇಲ್ಲದ ಮೀಡಿಯಂ ಮತ್ತೆ ಡಯಾಲಿಸಿಸ್ ಮಾಡಿದ ಸೀರಮ್ ಬೇಕು, ಹಾಗೆ ಹಸಿವಲ್ಲಿ ಇಟ್ಟ ಸೆಲ್ ಮಾಮೂಲಿ ಥರ ನಡ್ಕೊಳ್ಳತ್ತೆ ಅನ್ನೋ ಗ್ಯಾರಂಟಿನೂ ಇಲ್ಲ. ಕಣ ನೀರಲ್ಲಿ ಸುಮಾರು 8 ಮಿಲಿಮೀಟರ್ ಓಡತ್ತೆ, ಅಂದ್ರೆ ಒಂದು ಸೆಲ್ ಅನ್ನೋದನ್ನ ಗುರುತಿಸೋ ಮಾತು ಕಷ್ಟ. 14.3 ದಿನಕ್ಕೆ ಅರ್ಧ, ಆರು ವಾರಕ್ಕೆ ಎಂಟರಲ್ಲಿ ಒಂದು ಪಾಲು, ತರಿಸಿ ಇಟ್ಟು ಸೆಲ್ ಬೆಳೀಲಿಲ್ಲ ಅಂದ್ರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಹಾಗೆ ಆಗತ್ತೆ. ಬರೀ ಸೆಲ್ ಬೆಳೀತಿದೆಯಾ ಅಂತ ನೋಡೋಕೆ ಪಿ-32 ಹಾಕೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಹಾಗಾದ್ರೆ ಯಾರಿಗೆ? ವೈರಸ್ ಜೀನೋಮ್ ಪೂರ್ತಿ ಗುರುತು ಹಾಕ್ಬೇಕು, ಸಣ್ಣ ಸಣ್ಣ ಆರ್‌ಎನ್‌ಎಗಳನ್ನ ಜೆಲ್ ಮೇಲೆ ನೋಡ್ಬೇಕು, ಯಾವ ನ್ಯೂಕ್ಲಿಯೋಟೈಡ್ ಪಕ್ಕ ಯಾವುದು ಕೂತಿದೆ ಅಂತ ತಿಳೀಬೇಕು ಅನ್ನೋರಿಗೆ. ಇನ್ನೊಂದು, ನ್ಯೂಕ್ಲಿಯಸ್‌ಗಳನ್ನ ಬೇರ್ಪಡಿಸಿ ಅಥವಾ ಸೆಲ್ ಪೊರೆಗೆ ತೂತು ಮಾಡಿ ಪಿ-32 ಇರೋ ಯುಟಿಪಿ (ಆರ್‌ಎನ್‌ಎಗೆ ಸೇರೋ ಯುರಿಡಿನ್ ಟ್ರೈಫಾಸ್ಫೇಟ್) ಕೊಟ್ಟು ಆ ಕ್ಷಣದಲ್ಲಿ ಯಾವ ಜೀನ್ ಮೇಲೆ ಆರ್‌ಎನ್‌ಎ ತಯಾರಾಗ್ತಿದೆ ಅಂತ ನೋಡೋ ರನ್-ಆನ್ ಪ್ರಯೋಗ, ಅದಕ್ಕೆ ಇದೇ ಸರಿ. ಆರ್ಡರ್ ಮಾಡೋವಾಗ ಆಲ್ಫಾ ಜಾಗದಲ್ಲಿ (ಮೂರು ಫಾಸ್ಫೇಟ್‌ಗಳಲ್ಲಿ ಸಕ್ಕರೆ ಪಕ್ಕದ್ದು) ಪಿ-32 ಇರೋದೇ ಬೇಕು ಅಂತ ಎರಡು ಸಲ ನೋಡ್ಕೊಳ್ಳಿ. ಆಲ್ಫಾ ಫಾಸ್ಫೇಟ್ ಮಾತ್ರ ಎಳೆಯಲ್ಲಿ ಉಳಿಯತ್ತೆ, ಬೀಟಾ ಗಾಮಾ ಎರಡೂ ಪೈರೋಫಾಸ್ಫೇಟ್ ಆಗಿ ಉದುರಿಹೋಗತ್ತೆ. ಗಾಮಾ ಜಾಗದಲ್ಲಿರೋದು ತಯಾರಾದ ಎಳೆಯ ತುದಿಗೆ ಗುರುತು ಹಾಕೋ ಕೆಲಸಕ್ಕೆ.

ಪಿ-33 ಅಂತ ಒಂದಿದೆ, ರಸಾಯನ ಅದೇ, ಶಕ್ತಿ 249 ಕಿಲೋ ಎಲೆಕ್ಟ್ರಾನ್ ವೋಲ್ಟ್, ಅರ್ಧಾಯುಷ್ಯ 25 ದಿನ. ಬ್ಯಾಂಡ್‌ಗಳು ಚೂಪಾಗಿ ಬರ್ತವೆ, ಕೈಗೆ ಬೀಳೋ ಡೋಸ್ ಕಮ್ಮಿ, ಬೆಲೆ ಜಾಸ್ತಿ. ದುಡ್ಡಿದ್ರೆ ಜೆಲ್ ಕೆಲಸಕ್ಕೆ ನಾನು ಇದನ್ನೇ ಹೇಳ್ತೀನಿ.

ಆರ್‌ಎನ್‌ಎಗೆ ಯುರಿಡಿನ್

ಆರ್‌ಎನ್‌ಎ ನೋಡ್ಬೇಕು ಅನ್ನೋರಿಗೆ 5ನೇ ಸ್ಥಾನದಲ್ಲಿ ಟ್ರಿಟಿಯಂ ಇರೋ ಯುರಿಡಿನ್. ಸ್ಥಾನ ಯಾಕೆ ಮುಖ್ಯ ಅಂದ್ರೆ, ಸೆಲ್ ಯುರಿಡಿನ್‌ನಿಂದ ಥೈಮಿನ್ ಮಾಡೋವಾಗ 5ನೇ ಜಾಗದ ಹೈಡ್ರೋಜನ್ ಕಿತ್ತು ಅಲ್ಲಿ ಮೀಥೈಲ್ ಕೂರ್ಸತ್ತೆ, ಆಗ ನಿಮ್ಮ ಟ್ರಿಟಿಯಂ ನೀರಿಗೆ ಹೋಗತ್ತೆ, ಥೈಮಿನ್ ದಾರಿಯಲ್ಲಿ ಡಿಎನ್‌ಎಗೆ ಗುರುತು ಹೋಗಲ್ಲ. ಆದ್ರೂ ಪೂರ್ತಿ ಶುದ್ಧ ಅನ್ಕೋಬೇಡಿ, ಸ್ವಲ್ಪ ಯುರಿಡಿನ್ ಸೈಟಿಡಿನ್ ಆಗತ್ತೆ, ಅದರಲ್ಲಿ ಗುರುತು ಹಾಗೇ ಉಳಿಯತ್ತೆ, ಅದು ಡೀಆಕ್ಸಿ ರೂಪಕ್ಕೆ ತಿರುಗಿ ಡಿಎನ್‌ಎಗೂ ಹೋಗಬಹುದು. ಅರ್ಧ ಗಂಟೆಯ ಪಲ್ಸ್‌ನಲ್ಲಿ ಇದು ಲೆಕ್ಕಕ್ಕಿಲ್ಲ, ಇಡೀ ದಿನ ಇಟ್ರೆ ಕ್ಷಾರದಲ್ಲಿ ಕರಗೋ ಭಾಗ ಎಷ್ಟು ಅಂತ ಚೆಕ್ ಮಾಡಿ, ಕರಗೋದು ಆರ್‌ಎನ್‌ಎ, ಉಳಿಯೋದು ಡಿಎನ್‌ಎ.

ಪಲ್ಸ್-ಚೇಸ್, ಅಂದ್ರೆ ಗುರುತು ಕೊಟ್ಟು ಆಮೇಲೆ ಗುರುತಿಲ್ಲದ ಅಣು ಸುರಿದು ಮೊದಲಿನ ಗುರುತು ಎಲ್ಲಿಗೆ ಹೋಗತ್ತೆ ಅಂತ ನೋಡೋದು, ಅದರ ಬಗ್ಗೆ ಎಚ್ಚರಿಕೆ ಒಂದು. ಬ್ಯಾಕ್ಟೀರಿಯಾದಲ್ಲಿ ಓದಿದ ಹಾಗೆ ಪ್ರಾಣಿಗಳ ಸೆಲ್‌ನಲ್ಲಿ ಆಗಲ್ಲ, ಒಳಗಿನ ಯುಟಿಪಿ ಪೂಲ್ ದೊಡ್ಡದು, ಹೊರಗಿಂದ ಎಷ್ಟು ತಣ್ಣನೆ (ವಿಕಿರಣ ಇಲ್ಲದ) ಯುರಿಡಿನ್ ಕೊಟ್ರೂ ಗುರುತು ಇರೋ ಯುಟಿಪಿ ತುಂಬಾ ಹೊತ್ತು ಒಳಗೆ ಹೋಗ್ತಾನೇ ಇರತ್ತೆ. ಆಕ್ಟಿನೋಮೈಸಿನ್ ಡಿ ಹಾಕಿ ಹೊಸ ಆರ್‌ಎನ್‌ಎ ತಯಾರಿಯನ್ನೇ ನಿಲ್ಸಬಹುದು, ಆದ್ರೆ ಅದೇ ಔಷಧಿ ಸೆಲ್‌ನ ಉಳಿದ ಲೆಕ್ಕಾಚಾರವನ್ನೂ ಬದಲಿಸತ್ತೆ. ರೈಬೋಸೋಮ್ ಆರ್‌ಎನ್‌ಎ ಹೇಗೆ ಕತ್ತರಿಸಿ ಪಕ್ವ ಆಗತ್ತೆ ಅನ್ನೋದಷ್ಟೇ ನಿಮ್ಮ ಪ್ರಶ್ನೆ ಆಗಿದ್ರೆ ಮೀಥೈಲ್ ಗುಂಪಲ್ಲಿ ಟ್ರಿಟಿಯಂ ಇರೋ ಮೆಥಿಯೋನಿನ್ ತಗೊಳ್ಳಿ, ಆ ಆರ್‌ಎನ್‌ಎ ಮೇಲೆ ಮೀಥೈಲ್ ಗುರುತುಗಳು ಬೇಕಾದಷ್ಟಿವೆ, ಮೆಥಿಯೋನಿನ್ ಪೂಲ್ ಬೇಗ ಖಾಲಿ ಆಗತ್ತೆ, ಚೇಸ್ ಚೊಕ್ಕವಾಗಿ ಬರತ್ತೆ.

ಐಯೋಡಿನ್-125, ಮತ್ತೆ ವಿಕಿರಣ ಇಲ್ಲದವು

ಐಯೋಡಿನ್-125 ಕೂರ್ಸಿದ ಐಯೋಡೋಡೀಆಕ್ಸಿಯುರಿಡಿನ್ ಥೈಮಿಡಿನ್ ಜಾಗದಲ್ಲಿ ಡಿಎನ್‌ಎಗೆ ಹೋಗತ್ತೆ. ಗಾಮಾ ಕೌಂಟರ್‌ನಲ್ಲಿ ಸ್ಯಾಂಪಲ್ ಹಾಗೇ ಎಣಿಸ್ಬಹುದು. ಆದ್ರೆ ಡಿಎನ್‌ಎ ಒಳಗೆ ಕೂತು ಒಡೆದಾಗ ಅದು ಚೆಲ್ಲೋ ಆಜೆ ಅನ್ನೋ ಗಿಡ್ಡ ಓಟದ ಎಲೆಕ್ಟ್ರಾನ್‌ಗಳು ಎರಡೂ ಎಳೆಯನ್ನ ಅಲ್ಲೇ ಕಡಿದು ಹಾಕ್ತವೆ, ಬಿಡುಗಡೆಯಾದ ಐಯೋಡಿನ್ ಥೈರಾಯ್ಡ್‌ಗೆ ಹೋಗತ್ತೆ. ನಿರ್ದಿಷ್ಟ ಕಾರಣ ಇಲ್ಲದೆ ಇದರ ತಂಟೆಗೆ ಹೋಗಬೇಡಿ.

ಬಿಆರ್‌ಡಿಯು ಮತ್ತೆ ಇಡಿಯು (ಥೈಮಿಡಿನ್ ಜಾಗದಲ್ಲಿ ಡಿಎನ್‌ಎಗೆ ಹೋಗೋ, ವಿಕಿರಣ ಇಲ್ಲದ ನಕಲಿ ಅಣುಗಳು) ಇರೋವಾಗ ವಿಕಿರಣ ಯಾಕೆ ಅಂತ ಕೇಳ್ತೀರ, ನ್ಯಾಯವಾದ ಪ್ರಶ್ನೆ. ಬಿಆರ್‌ಡಿಯು ವಿರುದ್ಧದ ಮೊನೋಕ್ಲೋನಲ್ ಪ್ರತಿಕಾಯ 1982ರಲ್ಲಿ ಬಂದ್ಮೇಲೆ, 2008ರಲ್ಲಿ ಇಡಿಯು ಮತ್ತೆ ಅದಕ್ಕೆ ಬಣ್ಣ ಅಂಟಿಸೋ ಕ್ಲಿಕ್ ರಸಾಯನದ ವಿಧಾನ ಬಂದ್ಮೇಲೆ, ಯಾವ ಸೆಲ್ ಡಿಎನ್‌ಎ ತಯಾರಿಸ್ತಿದೆ ಅನ್ನೋ ಪ್ರಶ್ನೆಗೆ ಬಹುತೇಕ ಎಲ್ಲರಿಗೂ ಅದೇ ಸಾಕು. ವಾರಗಟ್ಟಲೆ ಎಮಲ್ಷನ್ ಕಾಯೋ ಬದಲು ಒಂದೇ ದಿನದಲ್ಲಿ ಬಣ್ಣ ಕಾಣ್ಸತ್ತೆ, ಫ್ಲೋ ಸೈಟೋಮೀಟರ್‌ನಲ್ಲಿ ಸಾವಿರಾರು ಸೆಲ್ ನೋಡ್ಬಹುದು, ಲೈಸೆನ್ಸ್ ಬೇಡ. ಬಿಆರ್‌ಡಿಯುಗೆ ಆಸಿಡ್ ಹಾಕಿ ಡಿಎನ್‌ಎ ಎಳೆ ಬಿಡಿಸ್ಬೇಕು, ಅದರಲ್ಲಿ ಬೇರೆ ಪ್ರೋಟೀನ್‌ಗಳು ಹಾಳಾಗಬಹುದು, ಇಡಿಯುಗೆ ಆ ಕಷ್ಟ ಇಲ್ಲ ಆದ್ರೆ ಅದು ತುಂಬಾ ಹೊತ್ತು ಇದ್ರೆ ಸೆಲ್‌ಗೆ ಡಿಎನ್‌ಎ ಹಾನಿಯ ಸಂಕೇತ ಕೊಡತ್ತೆ. ಟ್ರಿಟಿಯಂ ಥೈಮಿಡಿನ್ ಗೆಲ್ಲೋದು ಎರಡು ಕಡೆ. ಒಂದು, ಸೆಲ್‌ನ ಕಣ್ಣಿಗೆ ಅದು ಮಾಮೂಲಿ ಥೈಮಿಡಿನ್ನೇ, ಆಕಾರ ಬದಲಾದ ನಕಲಿ ಅಲ್ಲ. ಎರಡು, ತುಂಬಾ ಕಮ್ಮಿ ಪ್ರಮಾಣದ ಉತ್ಪಾದನೆಯನ್ನೂ ನಂಬರ್ ಆಗಿ ಕೊಡತ್ತೆ. 1968ರಲ್ಲಿ ಒಕಾಝಾಕಿ ತಂಡ ಕೆಲವೇ ಸೆಕೆಂಡ್‌ನ ಪಲ್ಸ್ ಕೊಟ್ಟು ಸಣ್ಣ ಸಣ್ಣ ಡಿಎನ್‌ಎ ತುಂಡುಗಳನ್ನ ಹಿಡಿದಿದ್ದು, ಅದೇ ವರ್ಷ ಕ್ಲೀವರ್ ಜೀರೋಡರ್ಮಾ ಪಿಗ್ಮೆಂಟೋಸಮ್ ಅನ್ನೋ ಆನುವಂಶಿಕ ಚರ್ಮರೋಗ ಇರೋರ ಸೆಲ್‌ನಲ್ಲಿ ಡಿಎನ್‌ಎ ರಿಪೇರಿ ಸರಿಯಾಗಿ ನಡೀತಿಲ್ಲ ಅಂತ ತೋರ್ಸಿದ್ದು, ಎರಡೂ ಈ ಗುಣದ ಬಲದಿಂದಲೇ.

ಯಾರಿಗೆ ಯಾವುದು

ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ವಿಕಿರಣಕ್ಕೆ ಅನುಮತಿ, ಬೇರೆ ರೂಮು, ತ್ಯಾಜ್ಯದ ವ್ಯವಸ್ಥೆ ಯಾವುದೂ ಇಲ್ಲದ ಲ್ಯಾಬ್, ಪ್ರಶ್ನೆ ಬರೀ ಯಾವ ಸೆಲ್ ವಿಭಜನೆ ಆಗ್ತಿದೆ ಅನ್ನೋದು ಅಂದ್ರೆ ಯೋಚನೆನೇ ಬೇಡ, ಇಡಿಯು. ಕೌಂಟರ್ ಇದೆ, ನೂರಾರು ಸ್ಯಾಂಪಲ್ ಇದೆ, ಔಷಧಿ ಡೋಸ್ ನೋಡ್ಬೇಕು ಅಂದ್ರೆ ಟ್ರಿಟಿಯಂ ಥೈಮಿಡಿನ್, ಒಂದು ಸ್ಯಾಂಪಲ್‌ಗೆ ಬೀಳೋ ಖರ್ಚು ತುಂಬಾ ಕಮ್ಮಿ, ಆದ್ರೆ ಔಷಧಿ ನ್ಯೂಕ್ಲಿಯೋಟೈಡ್ ತಯಾರಿಗೇ ಕೈ ಹಾಕತ್ತೆ ಅನ್ನೋ ಸಂಶಯ ಇದ್ರೆ ಡೀಆಕ್ಸಿಯುರಿಡಿನ್ ಜೊತೆಗೆ. ಸೆಲ್ ಸಾಯೋ ಪ್ರಯೋಗ ಆದ್ರೆ ಸಿ-14 ಹಿನ್ನೆಲೆ ಸೇರ್ಸಿ. ಡಿಎನ್‌ಎ ರಿಪೇರಿ ನೋಡೋರಿಗೆ ಟ್ರಿಟಿಯಂ ಮತ್ತೆ ಎಮಲ್ಷನ್, ಯಾಕಂದ್ರೆ ಎಸ್ ಹಂತದ ಸೆಲ್‌ಗಳು ಕಪ್ಪಗೆ ತುಂಬ್ಕೊಂಡು ಬೇರೆಯಾಗೇ ಕಾಣ್ತವೆ, ಅವನ್ನ ಬಿಟ್ಟು ಉಳಿದವುಗಳ ಮೇಲಿನ ಚುಕ್ಕೆ ಎಣಿಸ್ಬಹುದು, ಕೌಂಟರ್‌ಗೆ ಹಾಕಿದ್ರೆ ಎಲ್ಲ ಕಲೆಸಿಹೋಗತ್ತೆ. ವೈರಸ್, ಸಣ್ಣ ಆರ್‌ಎನ್‌ಎ, ರನ್-ಆನ್ ಇದ್ರೆ ಪಿ-32 ಅಥವಾ ಪಿ-33.

ತ್ಯಾಜ್ಯದ ಲೆಕ್ಕ ಖರೀದಿಗೆ ಮುಂಚೆನೇ ಹಾಕಿ. ಪಿ-32 ಹತ್ತು ಅರ್ಧಾಯುಷ್ಯ ಅಂದ್ರೆ ಸುಮಾರು ಐದು ತಿಂಗಳು ಶೆಲ್ಫ್ ಮೇಲೆ ಇಟ್ರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯತ್ತೆ, ಪಿ-33ಗೆ ಎಂಟು ತಿಂಗಳ ಮೇಲೆ. ಟ್ರಿಟಿಯಂ, ಸಿ-14 ಹಾಗೆ ಕಾದು ಕರಗಿಸೋಕೆ ಆಗೋದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕೇ ಬೇಕು. ರಕ್ಷಣೆ ವಿಷಯದಲ್ಲಿ ಲೆಕ್ಕ ಉಲ್ಟಾ. ಪಿ-32 ಗಾಳಿಯಲ್ಲಿ 6 ಮೀಟರ್ ತನಕ ಓಡತ್ತೆ, 1 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆ ಹಿಂದೆ ಕೆಲಸ ಮಾಡಿ, ನೇರವಾಗಿ ಸೀಸ ಇಡಬೇಡಿ, ಬೀಟಾ ಕಣ ಸೀಸಕ್ಕೆ ಬಡಿದು ಎಕ್ಸ್‌ರೇ ಹುಟ್ಟಿಸತ್ತೆ. ಟ್ರಿಟಿಯಂಗೆ ಹಲಗೆ ಬೇಡ, ಚರ್ಮದ ಮೇಲ್ಪದರ ಕೂಡ ದಾಟಲ್ಲ, ಆದ್ರೆ ಗೈಗರ್ ಕೌಂಟರ್‌ಗೂ ಅದು ಕಾಣ್ಸಲ್ಲ, ಟೇಬಲ್ ಮೇಲೆ ಚೆಲ್ಲಿದ್ರೆ ಗೊತ್ತೇ ಆಗಲ್ಲ. ಪೇಪರ್‌ನಲ್ಲಿ ಒರೆಸಿ ಸಿಂಟಿಲೇಷನ್ ಕೌಂಟರ್‌ಗೆ ಹಾಕಿನೇ ನೋಡ್ಬೇಕು. ಥೈಮಿಡಿನ್ ರೂಪದಲ್ಲಿ ಮೈಯೊಳಗೆ ಹೋದ್ರೆ ನೇರ ನಿಮ್ಮ ಡಿಎನ್‌ಎಗೇ ಹೋಗತ್ತೆ, ದುರ್ಬಲ ಐಸೋಟೋಪ್ ಅಂತ ಗ್ಲೌಸ್ ಬಿಡೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಭಯ ಆಗತ್ತೆ.

ಯಾವುದನ್ನೇ ಆರಿಸಿ, ದೊಡ್ಡ ಪ್ರಯೋಗಕ್ಕೆ ಮುಂಚೆ ಒಂದು ಸಣ್ಣದು ಮಾಡಿ. 0, 5, 10, 20, 40 ನಿಮಿಷ. ಐಸ್‌ನಷ್ಟು ತಣ್ಣಗಿರೋ ಟ್ರೈಕ್ಲೋರೋಅಸೆಟಿಕ್ ಆಸಿಡ್‌ನಲ್ಲಿ ನಿಲ್ಸಿ, ಎಳೆಗೆ ಸೇರದ ಅಣುಗಳು ತೊಳೆದು ಹೋಗೋ ತನಕ ತೊಳೆದು, ಎಣಿಸಿ. ಒಂದು ಟ್ಯೂಬ್‌ಗೆ ಡಿಎನ್‌ಎ ತಯಾರಿ ನಿಲ್ಸೋ ಅಫಿಡಿಕೋಲಿನ್ ಹಾಕಿ. ಸೊನ್ನೆ ನಿಮಿಷದಲ್ಲೇ ಕೌಂಟ್ ಜಾಸ್ತಿ ಇದ್ರೆ ತೊಳೆದಿದ್ದು ಸಾಲದು. ಅಫಿಡಿಕೋಲಿನ್ ಟ್ಯೂಬ್‌ನಲ್ಲೂ ಗೆರೆ ಏರ್ತಿದ್ರೆ ಗುರುತು ಡಿಎನ್‌ಎಗೆ ಹೋಗ್ತಿಲ್ಲ, ಇಲ್ಲಾಂದ್ರೆ ಕಲ್ಚರ್‌ನಲ್ಲಿ ಇನ್ಯಾವುದೋ ಜೀವಿ ಇದೆ. ಮೊದಲ ಐದು ನಿಮಿಷ ನಿಧಾನ, ಆಮೇಲೆ ನೇರ ಗೆರೆ ಆದ್ರೆ ಪೂಲ್ ತುಂಬೋಕೆ ತಗೊಂಡ ಹೊತ್ತು ಅದು, ಆ ಭಾಗ ಬಿಟ್ಟು ಅಳೆಯಿರಿ. 20 ನಿಮಿಷಕ್ಕೇ ಗೆರೆ ಬಾಗಿದ್ರೆ ಟ್ರೇಸರ್ ಖಾಲಿ ಆಗ್ತಿದೆ, ತಣ್ಣನೆ ಥೈಮಿಡಿನ್ ಬೆರೆಸಿ ಇನ್ನೊಂದು ಸಲ ಮಾಡಿ.